ಕಟಕಟೆ ದಾಟಿದ ಕಂದಮ್ಮ: ತೊಟ್ಟಿಲಿನಿಂದ ಮಂಚಕ್ಕೆ ಹೋಗುವ ಮುನ್ನ

ಮಗುವನ್ನು ತೊಟ್ಟಿಲಿಗೆ ಹಾಕೋದಕ್ಕೆ ನಮ್ಮಲ್ಲಿ ಶಾಸ್ತ್ರವಿದೆ. ಹೆಸರಿಡುವ ದಿನ ತೊಟ್ಟಿಲಿಗೆ ಹೂವು ಕಟ್ಟಿ, ಜೋಗುಳ ಹೇಳಿ, ಗುಗ್ಗರಿ ಹಂಚಿ, ಮಗುವನ್ನು ತೊಟ್ಟಿಲ ಕೆಳಗಿಂದ ದಾಟಿಸಿ ಆಮೇಲೆ ಮಲಗಿಸ್ತಾರೆ. ಆದರೆ ಅದೇ ತೊಟ್ಟಿಲಿನಿಂದ ಇಳಿಸೋದಕ್ಕೆ ಯಾವ ಶಾಸ್ತ್ರವೂ ಇಲ್ಲ, ಮುಹೂರ್ತವೂ ಇಲ್ಲ. ಹಿಂದೆ ಅದರ ಅಗತ್ಯವೂ ಇರಲಿಲ್ಲ ಅನ್ನಿ. ಏಳೆಂಟು ತಿಂಗಳು ತೊಟ್ಟಿಲಲ್ಲೋ ಸೀರೆಯ ಜೋಲಿಯಲ್ಲೋ ತೂಗಿಸಿಕೊಂಡ ಕೂಸು, ಎದ್ದು ಕೂರೋಕೆ ಶುರು ಮಾಡಿದ ಕೂಡಲೇ ಅಮ್ಮನ ಅಥವಾ ಅಜ್ಜಿಯ ಪಕ್ಕ ಚಾಪೆಗೆ ಬರುತ್ತಿತ್ತು. ನೆಲದ ಮೇಲೆ ಮಲಗಿದ ಮಗು ಎಲ್ಲಿಂದ ತಾನೆ ಬಿದ್ದೀತು?

ಈಗ ನಮ್ಮಂಥ ಫ್ಲಾಟ್ ಮನೆಗಳಿಗೆ ಕ್ರಿಬ್ ಬಂದಿದೆ. ನಾಲ್ಕೂ ಕಡೆ ಮರದ ಕಂಬಿ, ಒಳಗೆ ಸುಮಾರು ನಾಲ್ಕಡಿ ಉದ್ದ ಎರಡಡಿ ಅಗಲದ ಹಾಸಿಗೆ. ಧಾರವಾಡದಿಂದ ಬಂದ ನಮ್ಮತ್ತೆ ಅದನ್ನು ಮೊದಲ ಸಲ ನೋಡಿ, "ಏನವಾ, ಕೂಸಿನ್ನ ಕಟಕಟಿಯೊಳಗ ನಿಲ್ಲಿಸೀಯಲ್ಲ, ಏನ್ ತಪ್ಪು ಮಾಡೇತಿ ಅದು?" ಅಂದಿದ್ದರು. ಅವರ ತವರಿನ ಅಟ್ಟದಲ್ಲಿ ಬಣ್ಣ ಬಣ್ಣದ ಚಿತ್ರ ಬರೆದ ಕಲಘಟಗಿ ತೊಟ್ಟಿಲು ಇನ್ನೂ ಇದೆ. ಅದರ ಮುಂದೆ ನಮ್ಮದು ಸಪ್ಪೆಯೇ. ಆದರೂ ಕ್ರಿಬ್ಬು ಎರಡು ವರ್ಷ ಚೆನ್ನಾಗಿಯೇ ಕೆಲಸ ಮಾಡುತ್ತೆ. ಒಳಗಿಟ್ಟ ಮಗು ಒಳಗೇ ಇರುತ್ತೆ ಅನ್ನುವ ಒಂದೇ ಒಂದು ಭರವಸೆಯ ಮೇಲೆ ನಾವು ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ರಾತ್ರಿ ಒಂಬತ್ತರ ಕಾಲ್‌ಗೆ ಕೂರ್ತೀವಿ.

ಮಂಚಕ್ಕೆ ಬದಲಾಯಿಸುವ ದಿನ ಹೋಗೋದು ಆ ಭರವಸೆ. ಹಾಸಿಗೆ ಯಾವುದು, ಬೆಡ್‌ಶೀಟಿನ ಮೇಲೆ ಯಾವ ಕಾರ್ಟೂನು ಅಂತೆಲ್ಲ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ ಆ ರಾತ್ರಿಯಿಂದ ಮಗುವಿಗೆ ಸಿಗೋದು ಮಂಚವಲ್ಲ, ಇಡೀ ಮನೆ. ರಾತ್ರಿ ಎರಡು ಗಂಟೆಗೆ, ಎಲ್ಲರೂ ಮಲಗಿರುವಾಗ.

ಯಾವಾಗ?

"ಎರಡನೇ ಹುಟ್ಟುಹಬ್ಬಕ್ಕೆ ಮಂಚ ಕೊಡಿಸಿದ್ವಿ" ಅನ್ನುವವರಿದ್ದಾರೆ. ಫೋಟೋಗೆ ಚೆನ್ನಾಗಿರುತ್ತೆ. ಆದರೆ ಇಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವ ಲೆಕ್ಕ 35 ಇಂಚು, ಅಂದರೆ ಸುಮಾರು 89 ಸೆಂಟಿಮೀಟರ್. ಮಗು ಅಷ್ಟು ಎತ್ತರವಾದ ಮೇಲೆ ಕ್ರಿಬ್ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿದರೆ ಸಾಮಾನ್ಯವಾಗಿ ಮಗು ಈ ಎತ್ತರ ಮುಟ್ಟೋದು ಎರಡೂಕಾಲು ವರ್ಷದ ಆಸುಪಾಸಿನಲ್ಲಿ. ಟೇಪು ಸಿಗದಿದ್ದರೆ ಇನ್ನೊಂದು ಗುರುತು: ಹಾಸಿಗೆಯನ್ನು ಅತಿ ಕೆಳಗಿನ ಹಂತಕ್ಕೆ ಇಳಿಸಿದ ಮೇಲೂ, ಮಗು ನಿಂತಾಗ ಕಂಬಿಯ ಮೇಲಂಚು ಅದರ ಎದೆಮಟ್ಟಕ್ಕಿಂತ ಕೆಳಗೆ ಬಂದರೆ ಹೊತ್ತಾಯಿತು ಅಂತ ಅರ್ಥ.

ಇದಕ್ಕೂ ಮೊದಲೇ ಕಂಬಿ ಮೇಲೆ ಕಾಲು ಹಾಕುವ ಧೀರರೂ ಇರ್ತಾರೆ. ಆಗ ಪಟ್ಟಿ, ಟೇಪು ಎಲ್ಲ ಪಕ್ಕಕ್ಕಿಡಿ. ಮಂಚದಿಂದ ಉರುಳಿದ ಮಗು ಬೀಳೋದು ಒಂದೂವರೆ ಅಡಿಯಿಂದ. ಕಂಬಿ ಹತ್ತಿ ಆಚೆ ಬೀಳುವ ಮಗು ಅದರ ಎರಡರಷ್ಟು ಎತ್ತರದಿಂದ, ಅದೂ ಬಹುತೇಕ ತಲೆ ಮುಂದಾಗಿ ಬೀಳುತ್ತೆ. ಹತ್ತೋಕೆ ಕಲಿತ ದಿನವೇ ಕ್ರಿಬ್ಬಿನ ಕೊನೆಯ ದಿನ.

ಹತ್ತೋ ಬುದ್ಧಿ ಇನ್ನೂ ಬಂದಿಲ್ಲ, ಎತ್ತರವೂ ಆಗಿಲ್ಲ, ನಿದ್ದೆಯೂ ಚೆನ್ನಾಗಿದೆ ಅಂದರೆ ದಯವಿಟ್ಟು ಮುಟ್ಟಬೇಡಿ. "ನಮ್ಮ ಪಾಪು ಒಂದೂವರೆಗೇ ಬೇರೆ ಮಂಚದಲ್ಲಿ ಮಲಗ್ತಾನೆ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದರು ಅಂತ ನಾವೂ ಓಡಬೇಕಿಲ್ಲ. "ಮಂಚ ಬಿಟ್ಟು ಇಳೀಬೇಡ" ಅಂದರೆ ಅದನ್ನು ಅರ್ಥ ಮಾಡಿಕೊಂಡು, ನೆನಪಿಟ್ಟುಕೊಂಡು, ಕತ್ತಲಲ್ಲಿ ಪಾಲಿಸುವ ಶಕ್ತಿ ಒಂದೂವರೆ ವರ್ಷದ ಮಗುವಿಗೆ ಇರೋದಿಲ್ಲ.

ಎರಡನೇ ಮಗು ಬರ್ತಿದೆ, ಕ್ರಿಬ್ ಬೇಕು ಅನ್ನೋದು ಇನ್ನೊಂದು ಸಾಮಾನ್ಯ ಕಾರಣ. ಹಾಗಿದ್ದರೆ ಹೆರಿಗೆಗೆ ಎರಡು ಮೂರು ತಿಂಗಳು ಮೊದಲೇ ಮಾಡಿ ಮುಗಿಸಿ. ಇಲ್ಲವಾದರೆ ತಂಗಿಯೋ ತಮ್ಮನೋ ಬಂದು ಮನೆ ಒಂದು ಹದಕ್ಕೆ ಬರುವ ತನಕ ಕಾಯಿರಿ. ಹೊಸ ಕೂಸು ಹೇಗೂ ಮೊದಲ ತಿಂಗಳುಗಳನ್ನು ಸಣ್ಣ ತೊಟ್ಟಿಲಲ್ಲೇ ಕಳೆಯಬಹುದು. ಬಾಣಂತನದ ವಾರವೇ ದೊಡ್ಡದನ್ನು ಕ್ರಿಬ್ಬಿನಿಂದ ಎಬ್ಬಿಸಿದರೆ, ತನ್ನ ಜಾಗ ಕಿತ್ತುಕೊಂಡಿದ್ದು ಯಾರು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳೂ ಬೇಡ. ಹೊಸ ಪ್ಲೇಸ್ಕೂಲು, ಹೊಸ ಮಿಸ್ಸು, ಡೈಪರ್ ಬಿಡಿಸೋದು, ಇದರ ಜೊತೆಗೆ ಹೊಸ ಮಂಚ ಅಂದರೆ ರಾತ್ರಿ ಅಳೋದು ಯಾವುದಕ್ಕೆ ಅಂತ ಗೊತ್ತೇ ಆಗಲ್ಲ. ಶುಕ್ರವಾರ ಸಂಜೆ ಹೊಸದೇನನ್ನೂ ಲೈವ್ ಮಾಡಬಾರದು ಅನ್ನೋದು ನಮ್ಮ ಸಾಫ್ಟ್‌ವೇರ್ ಕೆಲಸದ ಅಲಿಖಿತ ನಿಯಮ. ಇಲ್ಲಿ ಮಾತ್ರ ಅದು ಉಲ್ಟಾ. ಶುಕ್ರವಾರವೇ ಮಾಡಿ, ಶನಿವಾರ ಭಾನುವಾರ ಹಗಲು ಯಾರಾದರೂ ಒಬ್ಬರು ನಿದ್ದೆ ಹೊಡೀಬಹುದು.

ಮಂಚಕ್ಕೆ ಮೊದಲು ಮನೆ

ಮಂಚದ ಆರ್ಡರ್ ಕೊಡೋಕೆ ಮೊದಲು ಒಂದು ಕೆಲಸ ಮಾಡಿ. ರಾತ್ರಿ ದೀಪ ಆರಿಸಿ, ಮಗು ಮಲಗುವ ಜಾಗದಿಂದ ಮಂಡಿಯೂರಿ ಮನೆಯೆಲ್ಲ ಒಮ್ಮೆ ಓಡಾಡಿ. ನಾನೂ ನನ್ನ ಗಂಡನೂ ಹೀಗೆ ತೆವಳಿದಾಗ ನಮ್ಮತ್ತೆ ಸೋಫಾದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ನಗಲಿ. ಎರಡೂವರೆ ಅಡಿ ಎತ್ತರದಿಂದ ಕಾಣುವ ಮನೆಯೇ ಬೇರೆ.

ಎಲ್ಲಕ್ಕಿಂತ ಮೊದಲು ಬಚ್ಚಲುಮನೆ. ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಬಚ್ಚಲಲ್ಲಿ ತುಂಬಿದ ಬಕೆಟ್ಟು ಇದ್ದೇ ಇರುತ್ತೆ, ಕೆಲವು ಕಡೆ ಡ್ರಮ್ಮೂ ಇರುತ್ತೆ. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಊರಿನಲ್ಲಿ ನೀರು ಹಿಡಿದಿಡಬೇಡಿ ಅಂತ ನಾನು ಹೇಗೆ ಹೇಳಲಿ? ಆದರೆ ಪುಟ್ಟ ಮಕ್ಕಳಿಗೆ ತಲೆಯೇ ಭಾರ. ಬಕೆಟ್ಟಿನೊಳಗೆ ಬಗ್ಗಿದರೆ ವಾಪಸು ಏಳೋಕೆ ಆಗೋದಿಲ್ಲ, ಕೂಗೋಕೂ ಆಗೋದಿಲ್ಲ. ಒಂದೆರಡು ಇಂಚು ನೀರು ಸಾಕು, ಕೆಲವೇ ನಿಮಿಷ ಸಾಕು, ಸದ್ದೂ ಬರೋದಿಲ್ಲ. ಹಗಲು ಯಾರೋ ಒಬ್ಬರ ಕಣ್ಣು ಇರುತ್ತೆ. ರಾತ್ರಿ ಇಷ್ಟು ದಿನ ಕಾಯುತ್ತಿದ್ದದ್ದು ಕ್ರಿಬ್ಬಿನ ಕಂಬಿ. ಆದ್ದರಿಂದ ಬಚ್ಚಲ ಬಾಗಿಲಿಗೆ ಹೊರಗಡೆ, ದೊಡ್ಡವರ ಕೈಗೆ ಮಾತ್ರ ಎಟುಕುವಷ್ಟು ಮೇಲೆ ಒಂದು ಚಿಲಕ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಚಿಲಕ ಸಾಕು. ಬಕೆಟ್ಟುಗಳನ್ನು ರಾತ್ರಿ ಬೋರಲು ಹಾಕಿ, ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಇರಲಿ.

ನಮ್ಮ ಮಗಳು ಮಂಚಕ್ಕೆ ಬಂದ ಮೂರನೇ ರಾತ್ರಿ ಟಕ್ ಟಕ್ ಅಂತ ಸದ್ದು ಕೇಳಿ ಎದ್ದೆ. ಅವಳು ಬಚ್ಚಲ ಬಾಗಿಲಿನ ಮುಂದೆ ನಿಂತು ಬಡೀತಿದ್ದಳು. ಸಂಜೆ ಒಳಗೆ ಬಿಟ್ಟ ಪ್ಲಾಸ್ಟಿಕ್ ಬಾತುಕೋಳಿ ಬೇಕಿತ್ತಂತೆ. ಚಿಲಕ ಹಾಕಿಸಿ ಎರಡೇ ದಿನವಾಗಿತ್ತು. ಅವಳನ್ನು ಎತ್ತಿಕೊಂಡು ಬಂದು ಮಲಗಿಸಿದೆ, ಅವಳು ನಿದ್ದೆ ಹೋದಳು, ನನಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಮುಂಬಾಗಿಲಿಗೂ ಮೇಲಿನ ಚಿಲಕ ಹಾಕುವ ಅಭ್ಯಾಸ ಇರಲಿ. ಇದಕ್ಕೆ ವಿರುದ್ಧದ ತೊಂದರೆಯೂ ಉಂಟು. ಈಗಿನ ಬಾಗಿಲುಗಳ ಹಿಡಿಯಲ್ಲಿ ಒಂದು ಗುಂಡಿ ಒತ್ತಿದರೆ ಒಳಗಿನಿಂದ ಲಾಕ್ ಆಗಿಬಿಡುತ್ತೆ. ಮಗು ತಾನೇ ಲಾಕ್ ಮಾಡಿಕೊಂಡು ಒಳಗೆ ಅಳ್ತಿರುತ್ತೆ, ನಾವು ಹೊರಗೆ. ಮಗುವಿನ ಕೋಣೆಯ ಲಾಕ್ ತೆಗೆಸಿಬಿಡಿ, ಇಲ್ಲವೇ ಕೀಲಿಯನ್ನು ಹೊರಗಡೆ ಮೊಳೆಗೆ ನೇತುಹಾಕಿ.

ಕಿಟಕಿಯ ಕೆಳಗೆ ಮಂಚ ಹಾಕಬೇಡಿ. ಸೊಳ್ಳೆ ಜಾಲರಿ ಅಂದರೆ ಗ್ರಿಲ್ ಅಲ್ಲ. ಅದು ಸೊಳ್ಳೆಯನ್ನು ತಡೆಯುತ್ತೆ, ಒರಗಿ ನಿಂತ ಮಗುವನ್ನಲ್ಲ. ಬಾಲ್ಕನಿಯ ಗೋಡೆ ಪಕ್ಕ ಕುರ್ಚಿ, ಹೂಕುಂಡ, ಖಾಲಿ ಸಿಲಿಂಡರ್ ಏನಿದ್ದರೂ ಅದು ಏಣಿಯೇ. ಬಟ್ಟೆಯ ಡ್ರಾಯರ್ ಸ್ಟ್ಯಾಂಡು, ಪುಸ್ತಕದ ಶೆಲ್ಫು, ಟಿವಿ ಇವನ್ನೆಲ್ಲ ಬಡಗಿಯನ್ನು ಕರೆಸಿ ಗೋಡೆಗೆ ಬಿಗಿಸಿ. ಮಕ್ಕಳು ಡ್ರಾಯರ್‌ಗಳನ್ನು ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತಾರೆ, ಇಡೀ ಸ್ಟ್ಯಾಂಡು ಮೈಮೇಲೆ ಬರುತ್ತೆ. ಇಂಥ ಸಾವುಗಳನ್ನು ನೋಡಿ ನೋಡಿ ಅಮೆರಿಕದಲ್ಲಿ 2023ರಿಂದ ಡ್ರಾಯರ್ ಸ್ಟ್ಯಾಂಡುಗಳು ಸುಲಭವಾಗಿ ಉರುಳದಂತೆ ಇರಲೇಬೇಕೆಂದು ಕಡ್ಡಾಯ ಮಾಡಿದ್ದಾರೆ.

ಇನ್ನು ಮಂಚದ ಅಕ್ಕಪಕ್ಕದ ಸಣ್ಣಪುಟ್ಟವು. ಸೊಳ್ಳೆ ಓಡಿಸುವ ಲಿಕ್ವಿಡ್ ಮಶೀನನ್ನು ನಾವು ಸಾಮಾನ್ಯವಾಗಿ ಚುಚ್ಚೋದು ಮಂಚದ ಪಕ್ಕದ ಕೆಳಗಿನ ಪ್ಲಗ್ಗಿಗೇ. ಆ ಬಾಟಲಿ ಮಗುವಿನ ಬಾಯಿಗೆ ಹೋಗುವಂಥದ್ದಲ್ಲ, ಮೇಲಿನ ಪ್ಲಗ್ಗಿಗೆ ಸಾಗಿಸಿ. ಚಾರ್ಜರ್ ವೈರು, ಕಿಟಕಿ ಬ್ಲೈಂಡ್‌ನ ನೇತಾಡುವ ದಾರ ಕೈಗೆ ಸಿಗಬಾರದು, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಗುಂಡಿಯಂಥ ಸಣ್ಣ ಸೆಲ್ ಹಾಕುವ ರಿಮೋಟು, ಆಟಿಕೆ ಇದ್ದರೆ ಕೋಣೆಯಿಂದಲೇ ಆಚೆ ಇಡಿ. ಆ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು.

ಯಾವ ಮಂಚ?

ನನ್ನನ್ನು ಕೇಳಿದರೆ ಮೊದಲ ಕೆಲವು ತಿಂಗಳು ಮಂಚವೇ ಬೇಡ, ನೆಲದ ಮೇಲೆ ಹಾಸಿಗೆ ಸಾಕು. ಇದನ್ನು ಈಗ ಇನ್‌ಸ್ಟಾಗ್ರಾಂನಲ್ಲಿ 'ಫ್ಲೋರ್ ಬೆಡ್' ಅಂತ ಹೊಸದಾಗಿ ಕಂಡುಹಿಡಿದಿದ್ದಾರೆ. ನಮ್ಮಜ್ಜಿ ಕೇಳಿದ್ದರೆ ಅವರಿಗೂ ನಗು ಬರ್ತಿತ್ತು. ಮಗು ಉರುಳಿದರೂ ಬೀಳೋದು ನಾಲ್ಕೈದು ಇಂಚು. ಒಂದೇ ಕೆಲಸ, ಬೆಳಗ್ಗೆ ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ ಗಾಳಿಯಾಡಿಸಬೇಕು. ಮಳೆಗಾಲದಲ್ಲಂತೂ ಬಿಡಲೇಬಾರದು, ಅಡಿಯಲ್ಲಿ ತೇವ ಕಟ್ಟಿ ಬೂಷ್ಟು ಬರುತ್ತೆ.

ಮಂಚವೇ ಬೇಕಾದರೆ ಆದಷ್ಟು ತಗ್ಗಾದದ್ದು. ಆರಡಿ ಮೂರಡಿಯ ಸಿಂಗಲ್ ಕಾಟ್ ತಗೊಂಡರೆ ಹೈಸ್ಕೂಲಿನವರೆಗೂ ಬರುತ್ತೆ. ಕಾರಿನ ಆಕಾರದ ದುಬಾರಿ ಪುಟ್ಟ ಮಂಚ ಎರಡು ಮೂರು ವರ್ಷಕ್ಕೆ ಗುಜರಿ. ಗೋಡೆಗೆ ಹಾಕೋದಾದರೆ ಒಂದಿಷ್ಟೂ ಸಂದಿ ಬಿಡದೆ ಒತ್ತಿ ಹಾಕಿ, ಇಲ್ಲವೇ ಗೋಡೆಯಿಂದ ಒಂದಡಿಗಿಂತ ಹೆಚ್ಚು ದೂರ ಇಡಿ. ಅರ್ಧಂಬರ್ಧ ಸಂದಿಯೇ ಅಪಾಯ, ಮಗು ಅದರಲ್ಲಿ ಜಾರಿ ಸಿಕ್ಕಿಕೊಳ್ಳಬಹುದು. ನಮ್ಮ ಮಂಚಕ್ಕೆ ಮಗುವಿನ ಮಂಚ ಜೋಡಿಸುವವರಿಗೂ ಇದೇ ಮಾತು. ಎರಡರ ಮಧ್ಯದ ಸಂದಿಗೆ ದಿಂಬು ತುರುಕಿದರೆ ಆಗಲ್ಲ, ಎರಡನ್ನೂ ಬಿಗಿಯಾಗಿ ಕಟ್ಟಬೇಕು. ಸಿಕ್ಕಿಸುವ ಬೆಡ್ ರೈಲ್ ಎರಡು ವರ್ಷ ತುಂಬಿದ ಮೇಲಷ್ಟೇ. ಎರಡಂತಸ್ತಿನ ಮಂಚದ ಮೇಲಿನ ಅಂತಸ್ತು ಆರು ವರ್ಷದವರೆಗೂ ಬೇಡ. ಅದರಲ್ಲೂ ನಮ್ಮ ಮನೆಗಳಲ್ಲಿ ನೆತ್ತಿಯ ಮೇಲೆ ಫ್ಯಾನು ತಿರುಗ್ತಿರುತ್ತೆ.

ಸೊಳ್ಳೆ ಪರದೆ ಕಟ್ಟಿದರೆ ಅದು ಕಂಬಿಯ ಬದಲಿ ಅಂದುಕೊಳ್ಳಬೇಡಿ, ಉರುಳುವ ಮಗುವನ್ನು ಅದು ತಡೆಯಲ್ಲ. ಡೆಂಗಿ ಸೊಳ್ಳೆ ಕಚ್ಚೋದು ಹಗಲು, ಆದ್ದರಿಂದ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು.

ಬೇರೆ ಮಂಚ ಅಂದರೆ ಬೇರೆ ಕೋಣೆ ಅಂತ ಅರ್ಥವಲ್ಲ. "ಇಷ್ಟು ಸಣ್ಣ ಕೂಸನ್ನ ಒಂದೇ ಬಿಡ್ತೀರಾ?" ಅಂತ ಕೇಳುವ ಹಿರಿಯರಿಗೆ ಉತ್ತರ ಕೊಡುವ ಕಷ್ಟವೂ ಇರಲ್ಲ, ನಮ್ಮ ಕೋಣೆಯಲ್ಲೇ ಒಂದು ಮೂಲೆಗೆ ಹಾಕಿ. ನಮ್ಮ ಮನೆಯಲ್ಲಿ ಅತ್ತೆ ಇದ್ದಾಗ ಅವರ ಕೋಣೆಯಲ್ಲಿ, ಅವರು ಊರಿಗೆ ಹೋದಾಗ ನಮ್ಮ ಕೋಣೆಯಲ್ಲಿ. ಮಗಳಿಗೆ ಬೇಕಾದ್ದು ತನ್ನ ಹೊದಿಕೆ ಮತ್ತು ಬಾತುಕೋಳಿ, ಕೋಣೆಯಲ್ಲ.

ಎದ್ದು ಬರುವ ರಾತ್ರಿಗಳು

ಬಂದೇ ಬರ್ತಾರೆ. ಮೊದಲ ರಾತ್ರಿ ಹೊಸತನಕ್ಕೆ ಮಲಗಿಬಿಡ್ತಾರೆ, ಎರಡನೇ ರಾತ್ರಿ 'ಅರೆ, ಇಲ್ಲಿ ಬಾಗಿಲೇ ಇಲ್ಲ' ಅಂತ ಹೊಳೆಯುತ್ತೆ. ನೀರು, ಸುಸು, ಕಥೆ, ಇನ್ನೊಂದು ಮುತ್ತು. ನಮ್ಮ ಮನೆಯ ದಾಖಲೆ ಒಂದೇ ರಾತ್ರಿಗೆ ಹದಿನಾಲ್ಕು ಸಲ. ಇದಕ್ಕೆ ಇರುವ ಮದ್ದು ಒಂದೇ, ಬಹಳ ಬೋರ್ ಹೊಡೆಸುವಂಥದ್ದು: ಬೈಯದೆ, ಮುದ್ದು ಮಾಡದೆ, ದೀಪ ಹಾಕದೆ ಕೈ ಹಿಡಿದು ಕರಕೊಂಡು ಹೋಗಿ ಮಲಗಿಸೋದು, ಪ್ರತಿ ಸಲವೂ ಅದೇ ಒಂದು ಮಾತು ಹೇಳೋದು. ನಾವು ಹೇಳ್ತಿದ್ದದ್ದು "ಈಗ ರಾತ್ರಿ, ಮಲಕ್ಕೋ ಪುಟ್ಟಿ". ಅಪ್ಪ ಒಂದು ತರಹ, ಅಜ್ಜಿ ಒಂದು ತರಹ ಆದರೆ ಮಗು ಅಜ್ಜಿಯ ಬಾಗಿಲನ್ನೇ ತಟ್ಟುತ್ತೆ. ಹಾಗಾಗಿ ಮೊದಲು ದೊಡ್ಡವರು ಕೂತು ಮಾತಾಡಿಕೊಳ್ಳಿ. ಅತ್ತೆಗೆ ನಾನು ಹೇಳಿದ್ದಿಷ್ಟೇ: "ಒಂದು ವಾರ ನೀವೂ ಇದೇ ಮಾತು ಹೇಳ್ರಿ, ಆಮೇಲೆ ನಿಮ್ಮಿಷ್ಟ." ಅವರು ಹತ್ತು ದಿನ ಹೇಳಿದರು.

ಮಲಗುವ ಹೊತ್ತನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಎರಡು ವರ್ಷದವರಿಗೆ ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಸಂಜೆ ಐದರವರೆಗೆ ಮಲಗಿದ ಮಗುವನ್ನು ಎಂಟಕ್ಕೆ ಮತ್ತೆ ಮಲಗಿಸೋಕೆ ಹೋದರೆ ಅದು ಮಂಚದ ತಪ್ಪಲ್ಲ. ಎರಡು ಮೂರು ವಾರವಾದರೂ ಎಲ್ಲರ ನಿದ್ದೆ ಹಾಳಾಗ್ತಿದ್ದರೆ, ಮಗು ಇನ್ನೂ ಕಂಬಿ ಹತ್ತುವಷ್ಟಾಗಿಲ್ಲದಿದ್ದರೆ, ಕ್ರಿಬ್ಬಿಗೇ ವಾಪಸು ಹಾಕಿ, ಎರಡು ತಿಂಗಳು ಬಿಟ್ಟು ನೋಡಿ. ಆದ್ದರಿಂದಲೇ ಕ್ರಿಬ್ಬನ್ನು ಅದೇ ವಾರ ಮಾರಿಬಿಡಬೇಡಿ.

ಮಾರುವಾಗ ಅಥವಾ ಯಾರಿಗಾದರೂ ಕೊಡುವಾಗ ಒಂದು ಮಾತು. ಒಂದು ಪಕ್ಕ ಕೆಳಗೆ ಜಾರುವಂಥ ಹಳೆಯ ಮಾದರಿಯಾದರೆ ಕೊಡಲೇಬೇಡಿ; ಆ ಪಕ್ಕ ಕಳಚಿ ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ ಅಮೆರಿಕದಲ್ಲಿ 2011ರ ಜೂನ್‌ನಿಂದ ಅವುಗಳ ತಯಾರಿಕೆ, ಮಾರಾಟ ಎರಡೂ ನಿಷೇಧ. ಉಳಿದವನ್ನು ಬಿಚ್ಚಿ, ಸ್ಕ್ರೂ ನಟ್ಟುಗಳನ್ನೆಲ್ಲ ಎಣಿಸಿ ಒಂದು ಕವರಿಗೆ ಹಾಕಿ ಕಂಬಿಗೇ ಕಟ್ಟಿಡಿ. ನಮ್ಮದು ಸದ್ಯಕ್ಕೆ ಮಂಚದಡಿ ಇದೆ. ಧಾರವಾಡದ ನಾದಿನಿಗೆ ಕಾರ್ತಿಕದಲ್ಲಿ ದಿನ ತುಂಬುತ್ತೆ. ಅಲ್ಲಿ ಕಲಘಟಗಿ ತೊಟ್ಟಿಲನ್ನು ಆಗಲೇ ಅಟ್ಟದಿಂದ ಇಳಿಸಿದ್ದಾರಂತೆ, ಆದ್ದರಿಂದ ಇದು ಅವರಿಗೆ ಬೇಕಾಗೋದು ಆರೇಳು ತಿಂಗಳು ಕಳೆದ ಮೇಲೆ.