ಒಂದು ಯಂತ್ರದಲ್ಲಿ ಹಲವು ಯಂತ್ರ: ಸರ್ವರಿನ ಅಂತಃಶಕ್ತಿಯನ್ನು ಪರೀಕ್ಷಿಸುವ ಕ್ರಮ

ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಲಯಗಳು ದಾಸೋಹದ ಇನ್ನೊಂದು ರೂಪವೆಂಬುದು ಸರ್ವವಿದಿತ. ಅನ್ನವನ್ನು ನೀಡಿದ ಕೈಯೇ ಅಕ್ಷರವನ್ನೂ ನೀಡಿತು. ಹಿಂದೆ ಭಕ್ತರು ಕೊಠಡಿಗಳನ್ನು ಕಟ್ಟಿಸಿಕೊಟ್ಟರು, ಗ್ರಂಥಾಲಯಕ್ಕೆ ಕಪಾಟುಗಳನ್ನು ಮಾಡಿಸಿಕೊಟ್ಟರು. ಇಂದು ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಗಣಕಯಂತ್ರವನ್ನೂ ಸರ್ವರನ್ನೂ ಕಾಣಿಕೆಯಾಗಿ ತಂದೊಪ್ಪಿಸುತ್ತಾರೆ. ಕೊಟ್ಟುದು ಸದ್ವಿನಿಯೋಗವಾಗಲೆಂಬುದು ದಾನಿಯ ಅಪೇಕ್ಷೆ. ಅದನ್ನು ಸಲ್ಲಿಸುವುದು ಪಡೆದವರ ಹೊಣೆ. ಆದರೆ ಸರ್ವರಿನ ಒಂದು ವಿಷಯದಲ್ಲಿ ಈ ಹೊಣೆ ಅರಿಯದೆಯೇ ತಪ್ಪಿಹೋಗುವ ಸಂಭವವುಂಟು. "ಈ ಯಂತ್ರದಲ್ಲಿ ಹಾರ್ಡ್‌ವೇರ್ ವರ್ಚುವಲೈಸೇಷನ್ ಬೆಂಬಲವಿಲ್ಲ" ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಮೂಡಿದೊಡನೆ, ಯಂತ್ರವು ಕೆಲಸಕ್ಕೆ ಬಾರದೆಂದು ನಿರ್ಣಯಿಸಿ ಮೂಲೆಗೆ ಸರಿಸುವುದು ಸುಲಭ. ಆ ಸಾಲಿನ ನಿಜವಾದ ಅರ್ಥವೇನು, ಅದನ್ನು ನಂಬುವ ಮೊದಲು ಯಾವ ಕ್ರಮದಿಂದ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಇದರಿಂದ ಆಗಬೇಕಾದ ಪ್ರಯೋಜನ

ಗದಗ ಮುದ್ರಣಕ್ಕೆ ಹೆಸರಾದ ಊರು. ಇಲ್ಲಿಯ ತೋಂಟದಾರ್ಯ ಸಂಸ್ಥಾನಮಠದ ವೀರಶೈವ ಅಧ್ಯಯನ ಸಂಸ್ಥೆಯು ಅನೇಕ ಗ್ರಂಥಗಳನ್ನು ಪ್ರಕಟಿಸಿ ನಾಡಿಗೆ ಉಪಕರಿಸಿದೆ. ಮೊಳೆ ಜೋಡಿಸುವ ಕಾಲ ಮುಗಿದ ಮೇಲೆ ಕನ್ನಡದ ಪುಟಗಳನ್ನು ಬಹುಕಾಲ ಸಿದ್ಧಪಡಿಸಿದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ, ಶ್ರೀಲಿಪಿ, ನುಡಿ ಮೊದಲಾದ ಅಕ್ಷರವಿನ್ಯಾಸಗಳನ್ನು ಬಳಸಿ. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಪೇಜ್‌ಮೇಕರಿನ ಕಡೆಯ ಆವೃತ್ತಿಯಾಯಿತು. ಅದು ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಸಾಮಾನ್ಯ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಕೊನೆಗೊಂಡಿತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಆ ಹಳೆಯ ಪುಟಗಳು ಯೂನಿಕೋಡಿನವಲ್ಲ. ಅವುಗಳ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪು ಕಾಣುತ್ತದೆ. ಲಿಂಗೈಕ್ಯ ಪೂಜ್ಯರ ಆಶೀರ್ವಚನ, ದಾನಿಗಳ ನಾಮಾವಳಿ, ನಿವೃತ್ತ ಗುರುಗಳ ಲೇಖನಗಳು ಹೀಗೆ ಮುದ್ರೆಯೊತ್ತಿದ ಪೆಟ್ಟಿಗೆಯಂತೆ ಉಳಿದುಬಿಡುತ್ತವೆ.

ಇದಕ್ಕೆ ಇರುವ ಉತ್ತಮ ಪರಿಹಾರವೆಂದರೆ ಹೊಸ ಸರ್ವರಿನೊಳಗೆ ಒಂದು ಹಳೆಯ ಯಂತ್ರವನ್ನು ಕಲ್ಪಿಸಿ, ಅದರಲ್ಲಿ ಸಂಸ್ಥೆಯ ಬಳಿ ಪರವಾನಗಿಯುಳ್ಳ ಎಕ್ಸ್‌ಪಿ ಹಾಗೂ ಪೇಜ್‌ಮೇಕರನ್ನು ಸ್ಥಾಪಿಸಿ, ಹೊರಗಿನ ಜಾಲದ ಸಂಪರ್ಕವನ್ನು ಪೂರ್ತಿ ಕಡಿದು, ಪುಟಗಳನ್ನು ತೆರೆಯುವುದು. ಅದೇ ಸರ್ವರಿನಲ್ಲಿ ಇನ್ನೊಂದು ಕಲ್ಪಿತ ಯಂತ್ರ ಗ್ರಂಥಾಲಯದ ಪಟ್ಟಿಯನ್ನೂ, ಮತ್ತೊಂದು ಮಕ್ಕಳ ಅಭ್ಯಾಸವನ್ನೂ ನೋಡಿಕೊಳ್ಳಬಹುದು. ಇದಕ್ಕೇ ವರ್ಚುವಲೈಸೇಷನ್ ಎಂದು ಹೆಸರು.

ಆತಿಥೇಯ ಮತ್ತು ಅತಿಥಿ

ಈ ವಿದ್ಯೆಯಲ್ಲಿ ನಿಜವಾದ ಯಂತ್ರವನ್ನು ಆತಿಥೇಯವೆಂದೂ ಅದರೊಳಗಿನ ಕಲ್ಪಿತ ಯಂತ್ರವನ್ನು ಅತಿಥಿಯೆಂದೂ ಕರೆಯುತ್ತಾರೆ. ಇವೆರಡರ ನಡುವಿನ ಮೇಲ್ವಿಚಾರಕ ತಂತ್ರಾಂಶವು ಹೈಪರ್‌ವೈಸರ್. ಪ್ರತಿಯೊಂದು ಅತಿಥಿಯೂ ಇಡೀ ಯಂತ್ರಕ್ಕೆ ತಾನೇ ಒಡೆಯನೆಂದು ತಿಳಿದು ಆಜ್ಞೆಗಳನ್ನು ಕೊಡುತ್ತದೆ. ಒಡೆತನಕ್ಕೆ ಸಂಬಂಧಿಸಿದ ಆಜ್ಞೆ ಬಂದಾಗ ಮೇಲ್ವಿಚಾರಕನು ಅದನ್ನು ತಡೆದು, ತಾನೇ ಉಚಿತವಾದುದನ್ನು ಮಾಡಿ, ಫಲವನ್ನು ಮಾತ್ರ ಅತಿಥಿಗೆ ಒಪ್ಪಿಸಬೇಕು.

ಐ.ಬಿ.ಎಂ. ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗೆ ಇಂಥ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತ್ತು. ಯಾವ ಯಂತ್ರದಲ್ಲಿ ಇದು ಸರಿಯಾಗಿ ಸಾಧ್ಯ ಎಂಬ ಲಕ್ಷಣವನ್ನು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ನಿರೂಪಿಸಿದರು: ಒಡೆತನವನ್ನು ಮುಟ್ಟುವ ಪ್ರತಿಯೊಂದು ಆಜ್ಞೆಯೂ ಮೇಲ್ವಿಚಾರಕನ ಕೈಗೆ ಸಿಕ್ಕಲೇಬೇಕು. ಮನೆಮನೆಗೆ ಬಂದ ಇಂಟೆಲ್ ಕುಲದ ಪ್ರೊಸೆಸರುಗಳು ಈ ಲಕ್ಷಣವನ್ನು ಪೂರೈಸುತ್ತಿರಲಿಲ್ಲ. ಪೆಂಟಿಯಂ ಪ್ರೊಸೆಸರಿನ 17 ಆಜ್ಞೆಗಳು ಮೇಲ್ವಿಚಾರಕನ ಕೈಗೆ ಸಿಕ್ಕದೆ ನುಣುಚಿಕೊಳ್ಳುತ್ತವೆಂದು ರಾಬಿನ್ ಮತ್ತು ಇರ್ವಿನ್ 2000ದಲ್ಲಿ ತೋರಿಸಿಕೊಟ್ಟರು. ವಿಎಂವೇರ್ ಸಂಸ್ಥೆಯು 1999ರಿಂದ ಅಂಥ ಆಜ್ಞೆಗಳನ್ನು ಹಾದಿಯಲ್ಲಿಯೇ ಬದಲಾಯಿಸಿ ಕೆಲಸ ಸಾಗಿಸುವ ಜಾಣ್ಮೆಯನ್ನು ತೋರಿತು. ಆಮೇಲೆ ಪ್ರೊಸೆಸರಿನಲ್ಲಿಯೇ ಈ ಶಕ್ತಿಯನ್ನು ಅಳವಡಿಸಲಾಯಿತು. 2005ರ ನವೆಂಬರಿನಲ್ಲಿ ಇಂಟೆಲ್ ತಂದುದು ವಿಟಿ-ಎಕ್ಸ್. 2006ರ ಮೇ ತಿಂಗಳಲ್ಲಿ ಎಎಂಡಿ ತಂದುದು ಎಎಂಡಿ-ವಿ. 2007ರ ಫೆಬ್ರವರಿಯಲ್ಲಿ ಲಿನಕ್ಸಿಗೆ ಸೇರಿದ ಕೆವಿಎಂ ಈ ಶಕ್ತಿಯನ್ನೇ ಅವಲಂಬಿಸಿದೆ. ಪರದೆಯ ಮೇಲಿನ ಸಾಲು ಇಲ್ಲವೆಂದು ಹೇಳುವುದು ಈ ಶಕ್ತಿಯನ್ನು ಕುರಿತೇ.

ಕಾಣದಿರುವುದೂ ಇಲ್ಲದಿರುವುದೂ

ಇಲ್ಲ ಎಂಬ ಮಾತನ್ನು ನಮ್ಮ ತಾರ್ಕಿಕರು ಹಗುರವಾಗಿ ಆಡಲಿಲ್ಲ. ನೆಲದ ಮೇಲೆ ಗಡಿಗೆಯಿಲ್ಲವೆಂದು ಹೇಳಬೇಕಾದರೆ, ಇದ್ದಿದ್ದರೆ ಕಾಣುವಷ್ಟು ಬೆಳಕು ಇರಬೇಕು, ನೋಡುವ ಕಣ್ಣು ನೆಟ್ಟಗಿರಬೇಕು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಕತ್ತಲೆಯಲ್ಲಿ ಕಾಣಲಿಲ್ಲವೆಂಬುದು ಪ್ರಮಾಣವಾಗದು. ಲಕ್ಷ್ಮೇಶ್ವರವು ಹಳೆಯ ಪುಲಿಗೆರೆ, ಶಾಸನಗಳ ಊರು. ಸುಣ್ಣ ಮೆತ್ತಿದ ಶಾಸನದ ಕಲ್ಲಿನಲ್ಲಿ ಅಕ್ಷರ ಕಾಣದಿದ್ದರೆ ಅದು ಬರಿಯ ಕಲ್ಲೆಂದು ಸಂಶೋಧಕನು ಹೇಳುವುದಿಲ್ಲ. ತೊಳೆದು, ಕಾಗದವೊತ್ತಿ, ಮಸಿ ಹಚ್ಚಿ, ಪಡಿಯಚ್ಚು ತೆಗೆದ ಮೇಲೆಯೇ ಬಾಯಿ ತೆರೆಯುತ್ತಾನೆ. ಸರ್ವರಿನ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ.

ಮೊದಲು ನೋಡುವ ಬಗೆ. ಲಿನಕ್ಸ್ ಯಂತ್ರದಲ್ಲಿ ಪ್ರೊಸೆಸರಿನ ವಿವರ ಬರೆದಿರುವ ಸಿಪಿಯುಇನ್ಫೊ ಎಂಬ ಕಡತದಲ್ಲಿ ಇಂಟೆಲ್ ಆದರೆ ವಿಎಂಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಗುರುತನ್ನು ಹುಡುಕಬೇಕು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ವರ್ಚುವಲೈಸೇಷನ್ ಎಂಬ ಸಾಲು ಇರುತ್ತದೆ. ಇಲ್ಲಿಯೇ ಒಂದು ಸೂಕ್ಷ್ಮವಿದೆ. ಹಳೆಯ ಲಿನಕ್ಸ್ ತಿರುಳುಗಳು ಇಂಟೆಲ್ ಯಂತ್ರದಲ್ಲಿ ಶಕ್ತಿಗೆ ಬೀಗ ಹಾಕಿದ್ದರೂ ಗುರುತನ್ನು ತೋರಿಸುತ್ತಿದ್ದವು. 2020ರ ಮಾರ್ಚಿನಲ್ಲಿ ಬಂದ 5.6ನೆಯ ತಿರುಳಿನಿಂದ ಮುಂದೆ, ಬೀಗ ಹಾಕಿದ್ದರೆ ಗುರುತನ್ನೇ ಮರೆಮಾಡುವ ಪದ್ಧತಿ ಬಂದಿತು. ಆದುದರಿಂದ ಗುರುತು ಕಂಡಿತೆಂದು ಹಿಗ್ಗುವುದೂ ಸಲ್ಲ, ಕಾಣಲಿಲ್ಲವೆಂದು ಕೈಬಿಡುವುದೂ ಸಲ್ಲ.

ನಾಲ್ಕು ಬಗೆಯ ಅಭಾವ

ಅನ್ನಂಭಟ್ಟನ ತರ್ಕಸಂಗ್ರಹವು ಅಭಾವವನ್ನು ನಾಲ್ಕು ಬಗೆಯಾಗಿ ವಿಭಾಗಿಸುತ್ತದೆ. ಸರ್ವರಿನ ಮುಂದೆ ಕುಳಿತವರಿಗೆ ಈ ವಿಭಾಗವು ದಾರಿದೀಪದಂತಿದೆ.

ಒಂದನೆಯದು ಅತ್ಯಂತಾಭಾವ, ಎಂದೆಂದೂ ಇಲ್ಲದಿರುವುದು. ಪ್ರೊಸೆಸರಿನಲ್ಲಿ ಶಕ್ತಿಯನ್ನು ಅಳವಡಿಸಿಯೇ ಇಲ್ಲದಿದ್ದರೆ ಯಾವ ಉಪಾಯದಿಂದಲೂ ಬಾರದು. ಕೋರ್ 2 ಡ್ಯುಯೋ ಎಂಬ ಒಂದೇ ಹೆಸರಿನ ಕುಲದಲ್ಲಿ ಈ ಶಕ್ತಿಯುಳ್ಳವೂ ಇದ್ದವು, ಇಲ್ಲದವೂ ಇದ್ದವು. ಆದುದರಿಂದ ಕುಲದ ಹೆಸರನ್ನು ನಂಬದೆ, ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಪಟ್ಟಿಯಲ್ಲಿ ನೋಡಬೇಕು. ಇಲ್ಲಿ ಆಪ್ತವಾಕ್ಯವೇ ಪ್ರಮಾಣ. ಪಟ್ಟಿಯಲ್ಲಿ ಇಲ್ಲವೆಂದಿದ್ದರೆ ಮಾತ್ರ ಇಲ್ಲವೆಂದು ಹೇಳಬಹುದು.

ಎರಡನೆಯದು ಪ್ರಾಗಭಾವ. ಮಡಕೆ ಹುಟ್ಟುವ ಮೊದಲು ಮಣ್ಣಿನಲ್ಲಿ ಮಡಕೆಯ ಅಭಾವವಿದ್ದಂತೆ, ಯೋಗ್ಯತೆಯಿದ್ದೂ ಕಾರ್ಯವು ಇನ್ನೂ ತೋರದಿರುವುದು. ಪ್ರೊಸೆಸರಿನಲ್ಲಿ ಶಕ್ತಿಯುಂಟು, ಆದರೆ ಯಂತ್ರವನ್ನು ಎಬ್ಬಿಸುವ ಬಯೋಸ್ ಅದನ್ನು ತೆರೆದಿಲ್ಲ. ಲಿನಕ್ಸಿನ ತಿರುಳು "ಡಿಸೇಬಲ್ಡ್ ಬೈ ಬಯೋಸ್" ಎಂದು ದಾಖಲೆಯಲ್ಲಿ ಬರೆದಿದ್ದರೆ ಇದೇ ಕಾರಣ. ಹೀಗೆ ಮುಚ್ಚಿಡುವುದಕ್ಕೆ ಭಯವೂ ಒಂದು ನಿಮಿತ್ತ. ಈ ಶಕ್ತಿಯನ್ನೇ ಬಳಸಿ ಯಂತ್ರದ ಅಡಿಯಲ್ಲಿ ಕಳ್ಳ ಮೇಲ್ವಿಚಾರಕನು ಅಡಗಿ ಕೂಡಬಹುದೆಂದು 2006ರಲ್ಲಿ ಜೊವಾನ್ನಾ ರುಟ್‌ಕೊವ್‌ಸ್ಕಾ ಎಂಬ ತಜ್ಞೆ ಬ್ಲೂ ಪಿಲ್ ಎಂಬ ಹೆಸರಿನಿಂದ ತೋರಿಸಿದ್ದರು. ಪರಿಹಾರ ಸರಳವಾಗಿದೆ. ಯಂತ್ರ ಎಚ್ಚರಗೊಳ್ಳುವಾಗ ಡೆಲ್ ಸರ್ವರಿನಲ್ಲಿ ಎಫ್2, ಎಚ್‌ಪಿ ಪ್ರೊಲಯಂಟಿನಲ್ಲಿ ಎಫ್9 ಕೀಲಿಯನ್ನೊತ್ತಿ ಒಳಹೊಕ್ಕು, ಪ್ರೊಸೆಸರಿನ ಪುಟದಲ್ಲಿ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ಎಸ್‌ವಿಎಂ ಮೋಡ್ ಎಂಬುದನ್ನು ತೆರೆದು, ಉಳಿಸಿ ಹೊರಬರಬೇಕು. ಬಳಿಕ ಯಂತ್ರವನ್ನು ಪೂರ್ತಿ ಆರಿಸಿ, ವಿದ್ಯುತ್ತಿನ ತಂತಿಯನ್ನು ಕಳಚಿ, ತುಸು ಹೊತ್ತು ಬಿಟ್ಟು ಹಚ್ಚುವುದು ಲೇಸು. ಇಂಟೆಲ್ ಪ್ರೊಸೆಸರಿನಲ್ಲಿ ಬಯೋಸ್ ಒಮ್ಮೆ ಹಾಕಿದ ಬೀಗವು ಯಂತ್ರವು ಮೊದಲಿನಿಂದ ಎಚ್ಚರಗೊಳ್ಳುವವರೆಗೆ ಸಡಿಲವಾಗದು; ತೆರೆದರೂ ಫಲ ಕಾಣಲಿಲ್ಲವೆಂಬ ದೂರಿಗೆ ಪೂರ್ತಿ ಆರಿಸದೆ ಇದ್ದುದು ಕಾರಣವಾಗಿರಬಹುದು.

ಮೂರನೆಯದು ಪ್ರಧ್ವಂಸಾಭಾವ, ಇದ್ದುದು ನಾಶವಾಗುವುದು. ನಿನ್ನೆ ನಡೆಯುತ್ತಿದ್ದ ಅತಿಥಿಯಂತ್ರಗಳು ಇಂದು ಏಳಲೊಲ್ಲವು. ಬಯೋಸಿನ ಆಯ್ಕೆಗಳನ್ನು ಕಾಪಾಡುವುದಕ್ಕೆ ಯಂತ್ರದೊಳಗೆ ನಾಣ್ಯದಾಕಾರದ ಒಂದು ಬ್ಯಾಟರಿಯಿರುತ್ತದೆ. ಸಾಮಾನ್ಯವಾಗಿ ಅದು 2032 ಸಂಖ್ಯೆಯ, 3 ವೋಲ್ಟಿನ ಬ್ಯಾಟರಿ. ಅದು ಸತ್ತ ಮೇಲೆ ಕರೆಂಟು ಹೋದರೆ, ಕೆಲವು ಯಂತ್ರಗಳಲ್ಲಿ ಆಯ್ಕೆಗಳು ಕಾರ್ಖಾನೆಯ ಮೊದಲ ಸ್ಥಿತಿಗೆ ಮರಳುತ್ತವೆ. ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆ. ಗಡಿಯಾರವು ಹಳೆಯ ತಾರೀಖು ತೋರಿಸುತ್ತಿದ್ದರೆ ಅದೇ ಇದರ ಲಿಂಗ. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ತಾರೀಖಿನಿಂದ ಬ್ಯಾಟರಿಯನ್ನು ಊಹಿಸಬೇಕು. ಬಯೋಸನ್ನು ನವೀಕರಿಸಿದಾಗಲೂ ಆಯ್ಕೆಗಳು ಹೀಗೆ ಅಳಿಯಬಹುದು. ಶಿರಹಟ್ಟಿ, ಮುಂಡರಗಿಗಳ ಶಾಲೆಯೊಂದರಲ್ಲಿ ಹುಬ್ಬಳ್ಳಿಯಿಂದ ತಂತ್ರಜ್ಞನು ಬರುವವರೆಗೆ ವಾರಗಟ್ಟಲೆ ಕಾಯುವುದಕ್ಕಿಂತ, ಗಡಿಯಾರದ ಅಂಗಡಿಯಲ್ಲಿಯೂ ದೊರೆಯಬಹುದಾದ ಆ ಸಣ್ಣ ಬ್ಯಾಟರಿಯನ್ನು ಬಲ್ಲವರಿಂದ ಬದಲಿಸಿ ನೋಡುವುದು ವಿವೇಕ.

ನಾಲ್ಕನೆಯದು ಅನ್ಯೋನ್ಯಾಭಾವ, ಒಂದು ಇನ್ನೊಂದಾಗದಿರುವುದು, ಘಟವು ಪಟವಲ್ಲ. ವಿಟಿ-ಡಿ ಎಂಬ ಇನ್ನೊಂದು ಆಯ್ಕೆಯುಂಟು. ಅದು ಜಾಲದ ಕಾರ್ಡು ಮೊದಲಾದ ಉಪಕರಣಗಳನ್ನು ಅತಿಥಿಗೆ ನೇರವಾಗಿ ಒಪ್ಪಿಸುವುದಕ್ಕೆ ಇರುವುದೇ ಹೊರತು ವಿಟಿ-ಎಕ್ಸ್ ಅಲ್ಲ. ಒಂದನ್ನು ತೆರೆದು ಇನ್ನೊಂದರ ಫಲವನ್ನು ಬಯಸಬಾರದು. ಹಾಗೆಯೇ ಬಾಡಿಗೆಗೆ ಪಡೆದ ದೂರದ ಸರ್ವರು ಸ್ವತಃ ಒಂದು ಅತಿಥಿಯಾಗಿರಬಹುದು. ಅತಿಥಿಯೊಳಗೆ ಮತ್ತೊಂದು ಅತಿಥಿಯನ್ನಿಡಲು ಆತಿಥೇಯನ ಅನುಮತಿ ಬೇಕು. ಅಲ್ಲಿ ಬಯೋಸನ್ನು ಹುಡುಕಿ ಫಲವಿಲ್ಲ.

ಪ್ರತಿಬಂಧಕ

ಈ ನಾಲ್ಕರಲ್ಲಿ ಸೇರದ ಇನ್ನೊಂದು ಸಂದರ್ಭವುಂಟು. ಶಕ್ತಿಯಿದೆ, ತೆರೆದೂ ಇದೆ, ಆದರೂ ಕೆಲಸ ಮಾಡದು. ಬೆಂಕಿಯ ಸುಡುವ ಶಕ್ತಿಯು ಚಂದ್ರಕಾಂತಮಣಿಯ ಸಾನ್ನಿಧ್ಯದಲ್ಲಿ ತಡೆಗೊಳ್ಳುತ್ತದೆ ಎಂಬ ಶಾಸ್ತ್ರದ ನಿದರ್ಶನವನ್ನು ವಿದ್ವಾಂಸರು ಬಲ್ಲರು. ವಿಂಡೋಸಿನಲ್ಲಿ ಹೈಪರ್-ವಿ ಎಂಬ ಮೇಲ್ವಿಚಾರಕನು ಮೊದಲೇ ಈ ಶಕ್ತಿಯನ್ನು ಹಿಡಿದು ಕುಳಿತಿದ್ದರೆ, ವರ್ಚುವಲ್‌ಬಾಕ್ಸಿನಂಥ ಮತ್ತೊಬ್ಬನು ಬಂದಾಗ ಶಕ್ತಿ ದೊರೆಯದು ಅಥವಾ ಕೆಲಸ ಬಹು ಮಂದವಾಗುವುದು. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಒಳಗೆ ಇದನ್ನೇ ಬಳಸುತ್ತದೆ. ಲಿನಕ್ಸಿನಲ್ಲಿಯೂ ಕೆವಿಎಂ ಶಕ್ತಿಯನ್ನು ಹಿಡಿದಿರುವಾಗ ವರ್ಚುವಲ್‌ಬಾಕ್ಸ್ ಏಳದಿರಬಹುದು. ಇಬ್ಬರಲ್ಲಿ ಒಬ್ಬನನ್ನೇ ನೇಮಿಸಬೇಕು. ಕೆವಿಎಂ ಬಳಸುವವರ ಹೆಸರು ಅದೇ ಹೆಸರಿನ ಗುಂಪಿಗೆ ಸೇರದಿದ್ದರೂ ತೊಡಕುಂಟು. ಆಗ ಇಲ್ಲದಿರುವುದು ಶಕ್ತಿಯಲ್ಲ, ಬಳಸುವವನಿಗೆ ಅಧಿಕಾರ.

ಪರೀಕ್ಷೆಗೆ ತೊಡಗುವ ಮೊದಲು ಮೂರು ಎಚ್ಚರಿಕೆ ಅವಶ್ಯ. ಇರುವ ಕಡತಗಳೆಲ್ಲದರ ಪ್ರತಿಯನ್ನು ಬೇರೆಡೆ ತೆಗೆದಿಟ್ಟಿರಬೇಕು. ಬಯೋಸಿನ ಹಳೆಯ ಆಯ್ಕೆಗಳನ್ನು ಬರೆದಿಟ್ಟುಕೊಳ್ಳಬೇಕು. ಬಿಟ್‌ಲಾಕರ್ ಬೀಗವಿರುವ ಯಂತ್ರವು ಬಯೋಸ್ ಬದಲಾದಾಗ ಮರಳಿ ಪಡೆಯುವ ಕೀಲಿಯನ್ನು ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಮುಂದುವರಿಯಬಾರದು.

ಇಷ್ಟಾದ ಮೇಲೂ ಅತ್ಯಂತಾಭಾವವೇ ನಿಶ್ಚಯವಾದರೆ ಯಂತ್ರ ವ್ಯರ್ಥವಾಯಿತೆನ್ನಲಾಗದು. ಕ್ಯೂಎಮು ಎಂಬ ತಂತ್ರಾಂಶವು ಯಂತ್ರದ ಬೆಂಬಲವಿಲ್ಲದೆಯೂ ಹಳೆಯ ಎಕ್ಸ್‌ಪಿಯನ್ನು ಅನುಕರಣೆಯಿಂದ ನಡೆಸಬಲ್ಲುದು. ವೇಗ ಬಹಳ ಕಡಿಮೆ. ಆದರೆ ಒಂದು ಹಳೆಯ ಪುಟವನ್ನು ತೆರೆದು ಅಚ್ಚಿನ ರೂಪಕ್ಕೆ ತರುವುದಕ್ಕೆ ವೇಗಕ್ಕಿಂತ ತಾಳ್ಮೆ ಮುಖ್ಯ. ಅದೂ ಬೇಡವೆಂದರೆ ಕಡತಗಳ ಭಂಡಾರವಾಗಿ ಆ ಸರ್ವರು ಸೇವೆ ಸಲ್ಲಿಸಬಹುದು.

ಶಾಲೆಯ ಗಣಕಕೊಠಡಿಯಲ್ಲಿ ಒಂದು ವಹಿಯನ್ನಿಟ್ಟು, ಯಂತ್ರವನ್ನು ಕೊಟ್ಟವರ ಹೆಸರಿನ ಕೆಳಗೆ ಪ್ರೊಸೆಸರಿನ ಪೂರ್ಣ ಸಂಖ್ಯೆ, ಬಯೋಸಿನಲ್ಲಿ ತೆರೆದ ಆಯ್ಕೆಗಳು, ಬ್ಯಾಟರಿ ಬದಲಿಸಿದ ತಾರೀಖು, ಶಕ್ತಿಯನ್ನು ಹಿಡಿದಿರುವ ಮೇಲ್ವಿಚಾರಕನ ಹೆಸರು ಇವಿಷ್ಟನ್ನು ಬರೆದಿಡುವುದು ಉತ್ತಮ ಸಂಪ್ರದಾಯವಾದೀತು. ಶಿಕ್ಷಕರು ವರ್ಗವಾಗಿ ಹೋದರೂ ನಿವೃತ್ತರಾದರೂ ತಿಳಿವಳಿಕೆ ಶಾಲೆಯಲ್ಲಿಯೇ ಉಳಿಯುತ್ತದೆ. ಇಲ್ಲವೆಂಬ ಒಂದು ಸಾಲಿಗೆ ಬೆದರಿ ದಾನಿಯೊಬ್ಬರ ಕಾಣಿಕೆಯನ್ನೂ, ಹಿರಿಯರ ಬರೆಹಗಳನ್ನೂ ಒಟ್ಟಿಗೆ ಕಳೆದುಕೊಳ್ಳುವುದು ಬಹು ದೊಡ್ಡ ನಷ್ಟ. ಯಾವ ಬಗೆಯಲ್ಲಿ ಇಲ್ಲ ಎಂದು ಮೊದಲು ವಿಚಾರಿಸುವ ಸಂಸ್ಥೆಗೆ ಆ ನಷ್ಟ ಒದಗದು. ಅದರ ಹಳೆಯ ಪುಟಗಳನ್ನು ಮುಂದಿನ ಮಕ್ಕಳೂ ಕನ್ನಡದಲ್ಲಿಯೇ ಓದುವರು.