ನೊಣದ ಕೋಣೆಯ ಪರಂಪರೆ: ಜೀವವೈದ್ಯಕೀಯ ಸಂಶೋಧನಾ ಶಿಕ್ಷಣದಲ್ಲಿ ಸಮುದಾಯ ಮತ್ತು ವೃತ್ತಿ

ಕನಿಷ್ಠ ಒಂದು ಸಮಾನ ಅಂಶದಿಂದ ಬೆಸೆದುಕೊಂಡು ತನ್ನದೇ ಪರಂಪರೆಗಳನ್ನು ಹೊಂದಿರುವ ಯಾವ ಗುಂಪಾದರೂ ಜನಪದವೇ ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದರು. ಈ ದೃಷ್ಟಿಯಿಂದ ನೋಡಿದರೆ ಜೀವವೈದ್ಯಕೀಯ ಪ್ರಯೋಗಾಲಯವೂ ಒಂದು ಜನಪದ ಸಮುದಾಯವೇ ಆಗುತ್ತದೆ. ಪಿಎಚ್.ಡಿ. ವಿದ್ಯಾರ್ಥಿಗಳು ಅಲ್ಲಿ ಗ್ರಂಥಗಳಿಂದ ಕಲಿಯುವಷ್ಟನ್ನೇ ಹಿರಿಯರ ಕೈಚಳಕವನ್ನು ನೋಡಿ, ಅವರ ಮಾತನ್ನು ಕೇಳಿ ಕಲಿಯುತ್ತಾರೆ. ಈ ಅಲಿಖಿತ ಪರಂಪರೆ ಏನನ್ನು ಕಾಯ್ದುಕೊಂಡು ಬಂದಿದೆ, ಯಾರನ್ನು ಮರೆತಿದೆ ಎಂಬುದನ್ನು ಹಣ್ಣುನೊಣದ ಪ್ರಯೋಗಾಲಯಗಳ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ನಡೆಸುತ್ತಿದ್ದ ಇಕ್ಕಟ್ಟಾದ ಪ್ರಯೋಗಾಲಯವು 'ನೊಣದ ಕೋಣೆ' ಎಂದೇ ಪ್ರಸಿದ್ಧ. ಹಾಲಿನ ಬಾಟಲಿಗಳಲ್ಲಿ ನೊಣಗಳನ್ನು ಸಾಕುತ್ತಿದ್ದ ಆ ಕೋಣೆಯಲ್ಲಿ ಗುರು ಶಿಷ್ಯರು ಒಟ್ಟಿಗೆ ಕುಳಿತು ವಾದಿಸುತ್ತಿದ್ದರು. ಆಲ್ಫ್ರೆಡ್ ಸ್ಟರ್ಟೆವಂಟ್ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, 1911ರಲ್ಲಿ, ರೂಪಿಸಿದ ಮೊದಲ ವಂಶವಾಹಿ ನಕ್ಷೆ 1913ರಲ್ಲಿ ಪ್ರಕಟವಾಯಿತು. ಬಾಟಲಿ ತೊಳೆಯಲು ಸೇರಿದ ಕ್ಯಾಲ್ವಿನ್ ಬ್ರಿಜಸ್, ದಪ್ಪ ಗಾಜಿನಾಚೆಯಿಂದಲೇ ಬೇರೆ ಕಣ್ಣುಬಣ್ಣದ ನೊಣವನ್ನು ಗುರುತಿಸಿ ಸಂಶೋಧಕರಾದರೆಂಬ ಕಥನವು ಇಂದಿಗೂ ಪ್ರಚಾರದಲ್ಲಿದೆ. ಐತಿಹ್ಯದ ಲಕ್ಷಣಗಳೆಲ್ಲವೂ ಇರುವ ಈ ಕಥನವು ಕಿರಿಯರ ಕಣ್ಣಿಗೂ ಬೆಲೆಯುಂಟೆಂಬ ಮೌಲ್ಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ. ಕೇಳಿದವರಿಗೆ ನೊಣತಳಿಗಳನ್ನು ಉಚಿತವಾಗಿ ಕೊಡುವುದು ಈ ಸಮುದಾಯದ ಕಟ್ಟಳೆಯಾಯಿತು. ತಳಿಗಳ ಪಟ್ಟಿ ಹಾಗೂ ಕೆಲಸದ ವಿಧಾನಗಳನ್ನು ಹಂಚಿಕೊಳ್ಳುವುದಕ್ಕೆಂದೇ 1934ರಲ್ಲಿ 'ಡ್ರೊಸೊಫಿಲಾ ಇನ್ಫರ್ಮೇಶನ್ ಸರ್ವಿಸ್' ಆರಂಭವಾಯಿತು.

ಐತಿಹ್ಯಗಳು ನೆನಪಿಡುವಂತೆಯೇ ಮರೆಯುತ್ತವೆ ಎಂಬುದೂ ಗಮನಾರ್ಹ. ಎಲ್ಲರೂ ಕೂಡಿ ಚರ್ಚಿಸಿದ ವಿಚಾರಗಳಲ್ಲಿ ತನ್ನ ಪಾಲಿಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂಬ ಅಸಮಾಧಾನ ಅದೇ ಬಳಗದ ಹರ್ಮನ್ ಮುಲ್ಲರ್ ಅವರಲ್ಲಿತ್ತು. ನೊಣಗಳ ಸೂಕ್ಷ್ಮ ಚಿತ್ರಗಳನ್ನು ಬರೆದ ಎಡಿತ್ ವ್ಯಾಲೇಸ್, ಅಧಿಕೃತ ಹುದ್ದೆಯಿಲ್ಲದೆ ಮಹತ್ವದ ಶೋಧ ನಡೆಸಿದ ಲಿಲಿಯನ್ ಮಾರ್ಗನ್ ಅವರ ಹೆಸರುಗಳು ಆ ಕೋಣೆಯ ಕಥೆಗಳಲ್ಲಿ ವಿರಳ.

ಈ ಪರಂಪರೆಯ ಒಂದು ಕವಲು ಭಾರತಕ್ಕೂ ಚಾಚಿದೆ. 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ಘಟಕವನ್ನು ಕಟ್ಟಿದ ಒಬೈದ್ ಸಿದ್ದಿಕಿ ಅವರು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸೆಮೂರ್ ಬೆಂಜರ್ ಅವರೊಡನೆ ನೊಣದ ನರವ್ಯೂಹವನ್ನು ಅಭ್ಯಸಿಸಿದರು. ಅವರ ಶಿಷ್ಯೆ ವೆರೋನಿಕಾ ರಾಡ್ರಿಗಸ್ (1953–2010) ನೊಣದ ರುಚಿ ಮತ್ತು ವಾಸನೆಯ ಗ್ರಹಿಕೆಯನ್ನು ಕುರಿತು ಸಂಶೋಧನೆ ನಡೆಸಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಈ ಪರಂಪರೆಯ ನೆಲೆಯಾಯಿತು.

ಗುರುವಿನ ಪೀಠವನ್ನು ಶಿಷ್ಯರು ಏರುವುದೇ ಇಂತಹ ವಂಶಾವಳಿಗಳ ಕಥಾಸೂತ್ರ. ವಾಸ್ತವ ಸ್ಥಿತಿ ಬೇರೆಯೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕಾರ್ಯತಂಡವು 2012ರ ವರದಿಯಲ್ಲಿ, ಜೀವವೈದ್ಯಕೀಯ ಪಿಎಚ್.ಡಿ. ಪಡೆದವರಲ್ಲಿ ಬಹುಪಾಲು ಮಂದಿ ವಿಶ್ವವಿದ್ಯಾಲಯದ ಕಾಯಂ ಬೋಧಕ ಹುದ್ದೆಗಳ ಹೊರಗೇ ಇರುವುದನ್ನು ಎತ್ತಿ ತೋರಿಸಿತು. ಅನ್ಯ ವೃತ್ತಿಗಳಿಗೂ ವಿದ್ಯಾರ್ಥಿಗಳನ್ನು ಅಣಿಗೊಳಿಸುವ 'ಬೆಸ್ಟ್' ಯೋಜನೆಗೆ 2013ರಲ್ಲಿ ಚಾಲನೆ ದೊರೆತು, ಒಟ್ಟು 17 ಸಂಸ್ಥೆಗಳಿಗೆ ಅನುದಾನ ಸಂದಿತು. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಪಿಎಚ್.ಡಿ.ಗೆ ಸಾಮಾನ್ಯವಾಗಿ ಮೂರರಿಂದ ಆರು ವರ್ಷಗಳ ಅವಧಿಯನ್ನು ನಿಗದಿಪಡಿಸಿದೆ. ಯೌವನದ ಇಷ್ಟು ವರ್ಷಗಳನ್ನು ಪ್ರಯೋಗಾಲಯದಲ್ಲಿ ಸವೆಸಿ ಔಷಧ ಉದ್ಯಮಕ್ಕೋ, ವಿಜ್ಞಾನ ಬರವಣಿಗೆಗೋ, ಶಾಲಾ ಬೋಧನೆಗೋ ಹೋದವರನ್ನು ಸಮುದಾಯವು 'ಬಿಟ್ಟುಹೋದವರು' ಎಂದೇ ಹೆಸರಿಸಿದರೆ, ಅದು ತಾನೇ ತರಬೇತಿ ಕೊಟ್ಟ ಹೆಚ್ಚಿನವರನ್ನು ಸೋತವರೆಂದು ಸಾರಿದಂತೆ.

ಈ ಸಂದರ್ಭದಲ್ಲಿ ನಮ್ಮ ಯಕ್ಷಗಾನ ಮೇಳದ ವ್ಯವಸ್ಥೆಯನ್ನು ನೆನೆಯಬಹುದು. ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿದ ಕಲಿಕೆ ಹಂತಹಂತವಾಗಿ ಮೇಲೇರುತ್ತದೆ. ಎಲ್ಲರೂ ಭಾಗವತರಾಗುವುದಿಲ್ಲ. ಚೆಂಡೆ, ಮದ್ದಳೆ, ವೇಷಭೂಷಣಗಳನ್ನು ಬಲ್ಲವರಿಲ್ಲದೆ ಆಟವೂ ನಡೆಯುವುದಿಲ್ಲ. ಮೇಳದಲ್ಲಿಯೂ ಶ್ರೇಣಿಯುಂಟು, ಆದರೆ ಪ್ರತಿಯೊಂದು ಕೆಲಸಕ್ಕೂ ಅದರದೇ ಹೆಸರುಂಟು. ಪ್ರಯೋಗಾಲಯದ ಪರಂಪರೆಗೆ ಇಂದು ಅಗತ್ಯವಾಗಿರುವುದು ಇಂತಹ ಹೆಸರಿಸುವಿಕೆ. ಆದುದರಿಂದ ಸಂಶೋಧನಾ ಸಂಸ್ಥೆಗಳು ಪ್ರಾಧ್ಯಾಪಕರ ಸಾಧನೆಯನ್ನು ದಾಖಲಿಸುವ ಜೊತೆಗೆ ತಳಿಗಳನ್ನು ಕಾಯ್ದವರ, ಉಪಕರಣಗಳನ್ನು ನಡೆಸಿದವರ, ಬೇರೆ ವೃತ್ತಿಗಳಿಗೆ ಹೊರಟವರ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸಬೇಕಾಗಿದೆ. ಈ ಕಾರ್ಯದಲ್ಲಿ ಜಾನಪದ ಅಧ್ಯಯನದ ಕ್ಷೇತ್ರಕಾರ್ಯ ವಿಧಾನಗಳು ನೆರವಾಗಬಲ್ಲವು.