ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಡಿಸ್ಕ್ ವಿಭಜನೆ
ಡಿಸ್ಕ್ ವಿಭಜನೆ ಎಂಬುದು ಒಂದೇ ಡಿಸ್ಕನ್ನು ಪಾರ್ಟಿಷನ್ ಎನ್ನಲಾಗುವ ಪ್ರತ್ಯೇಕ ವಿಭಾಗಗಳಾಗಿ ಹಂಚಿಕೊಳ್ಳುವ ಕ್ರಮ. ಲಿನಕ್ಸ್, ಫ್ರೀಬಿಎಸ್‌ಡಿ ಮೊದಲಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳನ್ನು ಅನುಸ್ಥಾಪಿಸುವ ಮೊದಲೇ ಇದನ್ನು ನಿರ್ಧರಿಸಿಕೊಳ್ಳಬೇಕು.

ವಿಂಡೋಸ್‌ನಲ್ಲಿರುವ ಸಿ, ಡಿ ಎಂಬ ಡ್ರೈವ್ ಅಕ್ಷರಗಳು ಇಲ್ಲಿಲ್ಲ. ‘/’ ಎಂಬ ಗುರುತಿನ ರೂಟ್ ಡೈರೆಕ್ಟರಿಯೇ ಬುಡ. ಉಳಿದ ವಿಭಾಗಗಳು ಕೊಂಬೆಗಳಂತೆ ಅದಕ್ಕೆ ಸೇರಿಕೊಳ್ಳುತ್ತವೆ. ಹೀಗೆ ಸೇರಿಸುವುದನ್ನು ಮೌಂಟ್ ಮಾಡುವುದು ಎನ್ನುತ್ತಾರೆ.

ಲಿನಕ್ಸ್‌ನಲ್ಲಿ ಬಳಕೆದಾರರ ಕಡತಗಳಿರುವ ‘/ಹೋಮ್’ ಡೈರೆಕ್ಟರಿಗೆ ಪ್ರತ್ಯೇಕ ವಿಭಾಗ ಕೊಡುವುದು ಅತ್ಯಂತ ಉಪಯುಕ್ತವಾದ ಕ್ರಮ. ವ್ಯವಸ್ಥೆ ಕೆಟ್ಟು ಮರಳಿ ಅನುಸ್ಥಾಪಿಸಬೇಕಾದಾಗ ರೂಟ್ ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ವರ್ಷಗಳ ಬರಹ, ಛಾಯಾಚಿತ್ರಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆಗ ‘/ಹೋಮ್’ ವಿಭಾಗಕ್ಕೆ ಫಾರ್ಮ್ಯಾಟ್ ಆಯ್ಕೆ ಗುರುತಾಗಿಲ್ಲವೆಂಬುದನ್ನು ಎರಡು ಬಾರಿ ನೋಡಿಕೊಳ್ಳುವುದು ಅವಶ್ಯ. ಡಿಸ್ಕೇ ಕೆಟ್ಟರೆ ಎಲ್ಲ ವಿಭಾಗಗಳೂ ಒಟ್ಟಿಗೆ ಹೋಗುವುದರಿಂದ, ವಿಭಜನೆಯನ್ನು ಬ್ಯಾಕಪ್ ಎಂದು ಭಾವಿಸುವಂತಿಲ್ಲ. ಸರ್ವರ್‌ಗಳಲ್ಲಿ ಲಾಗ್ ಕಡತಗಳು ಬೆಳೆದು ರೂಟ್ ತುಂಬದಿರಲೆಂದು ‘/ವಾರ್’ ಅನ್ನೂ ಬೇರೆ ಇಡುವುದುಂಟು.

ಯುಇಎಫ್‌ಐ ಇರುವ ಗಣಕಯಂತ್ರಗಳಲ್ಲಿ ಬೂಟ್‌ಗಾಗಿ ಚಿಕ್ಕದೊಂದು ಇಎಫ್‌ಐ ವಿಭಾಗ ಬೇಕು. ಹೈಬರ್ನೇಟ್ ಸೌಲಭ್ಯ ಬಯಸುವವರು ಸ್ವಾಪ್‌ಗೆ ಸುಮಾರಾಗಿ ರ‍್ಯಾಮ್‌ನಷ್ಟೇ ಜಾಗ ಕೊಡುವುದು ವಾಡಿಕೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಪ್ರಾಥಮಿಕ ವಿಭಾಗಗಳು 4 ಮಾತ್ರ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128ರವರೆಗೆ ಅವಕಾಶವಿದೆ.

ಅವಕಾಶವಿದೆಯೆಂದು ವಿಭಾಗಗಳನ್ನು ಹೆಚ್ಚಿಸಿಕೊಳ್ಳುವುದು ಜಾಣತನವಲ್ಲ. ರೂಟ್ ತುಂಬಿಹೋದಾಗ ‘/ಹೋಮ್’ನಲ್ಲಿರುವ ಖಾಲಿ ಜಾಗ ಅದಕ್ಕೆ ದಕ್ಕದು. ಲಿನಕ್ಸ್‌ನಲ್ಲಿ ಬಹಳವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಕುಗ್ಗಿಸಬೇಕಾದರೆ ಮೊದಲು ಅನ್‌ಮೌಂಟ್ ಮಾಡಲೇಬೇಕು. ಸಣ್ಣ ಡಿಸ್ಕ್‌ಗಳಲ್ಲಿ ರೂಟ್ ಮತ್ತು ‘/ಹೋಮ್’ ಎರಡನ್ನೂ ಒಂದೇ ವಿಭಾಗದಲ್ಲಿಡುವುದು ಲೇಸು.